ಟ್ಯಾಂಕಿನ ಕೆಳಗಿನ ಗೆರೆ

ನಾಡಿ ಮೇಸ್ತ್ರಿ ಮೂರು ವರ್ಷದಿಂದ ಯಾರ ಗಾಡಿಯನ್ನೂ ಮುಟ್ಟಿರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮನುಷ್ಯ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಳಗಿನ ಕಾಯಿಲೆ ಇಂಥದ್ದೇ ಎಂದು ಹೇಳುತ್ತಿದ್ದನಾದ್ದರಿಂದ ಡಿಪೋದವರು ಇಟ್ಟ ಹೆಸರು ಅದು. ನಿವೃತ್ತಿಯಾದ ಮೇಲೂ ಹಳೆಯ ಬೈಕು ಕೊಳ್ಳುವವರೆಲ್ಲ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ತಲೆಯಾಡಿಸಿದರೆ ವ್ಯಾಪಾರ, ಮೂಗು ಮುರಿದರೆ ಇಲ್ಲ.

ಹಾಗೆ ಒಂದು ಸಂಜೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರ ಜೊತೆ ಹೋಗಿದ್ದ. ಬೆಳಕು ಕಮ್ಮಿಯಾಗುತ್ತಿತ್ತು, ಮೇಷ್ಟ್ರಿಗೆ ಅವಸರವಿತ್ತು, ಇಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಮೇಸ್ತ್ರಿ ತಲೆಯಾಡಿಸಿದ. ನಾಲ್ಕನೆಯ ದಿನ ತಿರುವಿನಲ್ಲಿ ಮುಂದಿನ ಚಕ್ರ ಹಿಡಿದ ಫೋರ್ಕ್ ಮುರಿಯಿತು. ಯಾವಾಗಲೋ ಬಾಗಿದ್ದನ್ನು ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದ್ದರಂತೆ. ಮೇಷ್ಟ್ರು ಬದುಕಿಕೊಂಡರು. ಆದರೆ ಮಕ್ಕಳಿಗೆ ಓಟ ಕಲಿಸುತ್ತಿದ್ದ ಮನುಷ್ಯ ಈಗ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಾರೆ. ಅವರು ಒಂದು ಮಾತೂ ಆಡಲಿಲ್ಲ, ಎದುರು ಸಿಕ್ಕಾಗ ಮೊದಲಿನ ಹಾಗೇ ‘ಅಣ್ಣಾ’ ಎನ್ನುತ್ತಿದ್ದರು. ನಾಲ್ಕು ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅಂದಿನಿಂದ ಯಾರು ಕರೆದರೂ ಕಣ್ಣು ಸರಿಯಿಲ್ಲ, ಸೊಂಟ ಹಿಡಿದಿದೆ ಎಂದು ಜಾರಿಕೊಳ್ಳುತ್ತಿದ್ದ.

ಸೊಸೆಯ, ಅಂದರೆ ತಂಗಿಯ ಮಗಳ, ಮುಂದೆ ಮಾತ್ರ ಈ ಆಟ ನಡೆಯಲಿಲ್ಲ. ಅವಳು ನರ್ಸು. ಲಸಿಕೆಯ ಐಸ್ ಡಬ್ಬವನ್ನು ಹೆಗಲಿಗೆ ಹಾಕಿಕೊಂಡು ವಾರಕ್ಕೆ ಐದು ದಿನ ಹೊರಗಿನ ಬಡಾವಣೆಗಳನ್ನು ಸುತ್ತುವ ಕೆಲಸ. ಆ ಕಡೆಗಿದ್ದ ಒಂದೇ ಬಸ್ಸನ್ನೂ ನಿಲ್ಲಿಸಿದ್ದರು. ಒಂದು ಹಳೆಯ ಬೈಕು ನೋಡಿಟ್ಟಿದ್ದಾಳೆ, ನೀನು ಬರದಿದ್ದರೆ ಒಬ್ಬಳೇ ಹೋಗಿ ಬಣ್ಣ ನೋಡಿ ತರುತ್ತಾಳೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಮೇಸ್ತ್ರಿಗೆ ಹೋಗಲೂ ಹೆದರಿಕೆ, ಹೋಗದಿರಲೂ ಹೆದರಿಕೆ. ಕೊನೆಗೆ ಅಟ್ಟದಿಂದ ಸ್ಪ್ಯಾನರುಗಳ ಚೀಲ ಇಳಿಸಿದ.

ಬೈಕಿನವನದು ಇಳಿಜಾರು ರಸ್ತೆಯ ನೆತ್ತಿಯಲ್ಲಿ ಒಂದು ಫೋಟೋ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಸಣ್ಣ ಅಂಗಳ. ಅಂಗಳದಲ್ಲಿ ಒಗೆದ ಸ್ಕೂಲ್ ಯೂನಿಫಾರಂ ಒಣಗುತ್ತಿತ್ತು, ಅದರ ಪಕ್ಕದಲ್ಲಿ ಬೈಕು ನಿಂತಿತ್ತು. ಸ್ಟುಡಿಯೋದವನು ನಲವತ್ತರ ಆಸುಪಾಸಿನವನು, ಮೆತ್ತಗೆ ಮಾತಾಡುವವನು. ಗಾಡಿಯನ್ನು ಮೂರು ತಿಂಗಳ ಹಿಂದಷ್ಟೇ ತಾನೂ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಈಗ ಕ್ಯಾಮೆರಾ ಸಾಮಾನು ಹೊರಲು ಆಟೋ ಬೇಕಾಗಿದೆ, ಅದಕ್ಕೇ ಮಾರುತ್ತಿದ್ದೇನೆ ಎಂದ.

ಮೇಸ್ತ್ರಿ ಮೊದಲು ಅಂಗೈಯನ್ನು ಇಂಜಿನ್ನಿನ ಮೇಲಿಟ್ಟ. ಬೆಚ್ಚಗಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರು ಮಾಡುವ ಗಾಡಿಯನ್ನು ಗಿರಾಕಿ ಬರುವ ಮೊದಲೇ ಓಡಿಸಿ ಬೆಚ್ಚಗೆ ಮಾಡಿಡುವುದು ಮಾರುವವರ ಹಳೆಯ ಚಾಳಿ. ಕೇಳಿದ್ದಕ್ಕೆ ಸ್ಟುಡಿಯೋದವನು, ಬೆಳಿಗ್ಗೆ ಒಂದು ಕೆಲಸವಿತ್ತು ಎಂದಷ್ಟೇ ಹೇಳಿದ.

ಆಮೇಲೆ ಒಂದೊಂದಾಗಿ ನೋಡಿದ. ಆಯಿಲ್ ಅದ್ದಿ ಬೆರಳುಗಳ ನಡುವೆ ಉಜ್ಜಿದ, ತರಿತರಿ ಇರಲಿಲ್ಲ. ಸೈಲೆನ್ಸರಿನ ಬಾಯಿಗೆ ಬಿಳಿ ಕರವಸ್ತ್ರ ಹಿಡಿದ, ಎಣ್ಣೆಯ ಕಲೆ ಬೀಳಲಿಲ್ಲ. ಚೈನು ಎಳೆದ, ಚಕ್ರ ಎತ್ತಿ ತಿರುಗಿಸಿದ, ಬ್ರೇಕು ಒತ್ತಿ ಬಿಟ್ಟ. ಮುಂದಿನ ಫೋರ್ಕಿನ ಎರಡು ಕೊಳವೆಗಳನ್ನೂ ಮೇಲಿಂದ ಕೆಳಗಿನ ತನಕ ಸವರಿದ. ಸವರಿದ ಕಡೆಯೇ ಅವನು ಮತ್ತೆ ಮತ್ತೆ ಸವರುತ್ತಿದ್ದುದನ್ನು ಸೊಸೆ ನೋಡಿದಳು, ನೋಡದ ಹಾಗೆ ಕಾಗದ ಬಿಡಿಸಿ ಚಾಸಿ ನಂಬರಿನ ಒಂದೊಂದೇ ಅಂಕೆ ಓದಿದಳು. ಎಲ್ಲ ತಾಳೆಯಾಯಿತು. ಸ್ಕ್ರೂಡ್ರೈವರ್ ಕಿವಿಗಿಟ್ಟರೆ ಇಂಜಿನ್ನಿನೊಳಗೆ ಒಂದು ಅಪಸ್ವರವಿಲ್ಲ.

ಎಲ್ಲ ಸರಿಯಿರುವುದೇ ಅವನನ್ನು ಹೆದರಿಸಿತು. ಅವತ್ತೂ ಎಲ್ಲ ಸರಿಯೇ ಇತ್ತಲ್ಲ. ಅಷ್ಟರಲ್ಲಿ ಹುಡುಗಿ ಹಿಂದಿನ ಸೀಟನ್ನು ಗೇಣಿನಲ್ಲಿ ಅಳೆಯುತ್ತಿದ್ದಳು, ಐಸ್ ಡಬ್ಬ ಎಲ್ಲಿ ಕಟ್ಟುವುದೆಂದು. ಮನಸ್ಸಿನಲ್ಲಿ ಅವಳು ಆಗಲೇ ಗಾಡಿ ಹತ್ತಿ ಹೊರಟಾಗಿತ್ತು.

ಟ್ಯಾಂಕ್ ಬಿಚ್ಚಿ ನೋಡಬಹುದೇ ಎಂದು ಮೇಸ್ತ್ರಿ ಕೇಳಿದ. ಸ್ಟುಡಿಯೋದವನು ಒಂದು ಕ್ಷಣ ತಡೆದು, ನೋಡಿ ಎಂದ. ಪೆಟ್ರೋಲಿನ ನಲ್ಲಿ ಮುಚ್ಚಿ, ಪೈಪು ಕಳಚಿ, ಬೋಲ್ಟು ಸಡಿಲಿಸಿ ಟ್ಯಾಂಕನ್ನು ಎತ್ತಿಟ್ಟರು. ಹ್ಯಾಂಡಲಿನ ಕುತ್ತಿಗೆ ಚಾಸಿಯ ದಪ್ಪ ಕೊಳವೆಗೆ ಸೇರುವ ಜಾಗದಲ್ಲಿ ಕಪ್ಪು ಬಣ್ಣ ಉಳಿದ ಕಡೆಗಿಂತ ಹೊಸದಾಗಿತ್ತು. ಮೇಸ್ತ್ರಿ ತೋರುಬೆರಳನ್ನು ಅಲ್ಲಿ ಆಡಿಸಿದ. ಕೂದಲೆಳೆಯಂಥ ಒಂದು ಗೆರೆ. ಬಿರುಕೋ, ಬಣ್ಣದ ಮಡಿಕೆಯೋ? ಒಮ್ಮೆ ಇದೆ ಅನ್ನಿಸಿತು, ಮತ್ತೊಮ್ಮೆ ಸವರಿದರೆ ಇಲ್ಲ ಅನ್ನಿಸಿತು. ಬೆರಳ ತುದಿ ಮೊದಲಿನ ಹಾಗಿರಲಿಲ್ಲ, ಚಳಿಗಾಲದಲ್ಲಿ ಜೋಮು ಹಿಡಿಯುತ್ತಿತ್ತು. ಏನೂ ಹೇಳದೆ ಟ್ಯಾಂಕ್ ಮೊದಲಿನ ಹಾಗೆ ಕೂರಿಸಿ, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಹೊರಬಂದ.

ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತ ಮೇಲೆ, ಆ ಗಾಡಿ ಬೇಡ ಎಂದ. ಯಾಕೆಂದು ಅವಳು ಬಿಡಿಸಿ ಬಿಡಿಸಿ ಕೇಳಿದಾಗ ಗೆರೆಯ ವಿಷಯ ಹೇಳಿದ.

“ಅದನ್ನ ಅವರಿಗೆ ಯಾಕೆ ಹೇಳಲಿಲ್ಲ ಮಾವ?”

“ನನಗೇ ಗ್ಯಾರಂಟಿ ಇಲ್ಲ. ಇಲ್ಲದ್ದನ್ನ ಹೇಳಿ ಇನ್ನೊಬ್ಬರ ಗಾಡಿ ಮೇಲೆ ಗೂಬೆ ಕೂರಿಸೋದು ಹೇಗೆ?”

ಅವಳು ಮುಖ ತಿರುಗಿಸಿ ಬಸ್ಸು ಬರುವ ದಾರಿ ನೋಡತೊಡಗಿದಳು. ಅದು ಮೇಸ್ತ್ರಿಗೆ ಚುಚ್ಚಿತು.

ಆಗ ಒಬ್ಬ ಗಂಡಸು, ಒಬ್ಬ ಹೆಂಗಸು ರಸ್ತೆ ದಾಟಿ ಬಂದರು. ಗಂಡಸಿನ ಮೊಣಕೈವರೆಗೂ ಸುಣ್ಣಬಣ್ಣದ ಚುಕ್ಕಿಗಳು. ಮನೆಗಳಿಗೆ ಪೇಂಟ್ ಹೊಡೆಯುವವನೆಂದು ಯಾರೂ ಹೇಳಬೇಕಿರಲಿಲ್ಲ. ಹೆಂಡತಿ ಯಾವುದಕ್ಕೋ ಅವನನ್ನು ರೇಗಿಸಿ ನಗುತ್ತಿದ್ದಳು. ಫೋಟೋ ಸ್ಟುಡಿಯೋ ಎಲ್ಲಿ, ಅಲ್ಲೊಂದು ಬೈಕಿದೆಯಂತಲ್ಲ ಎಂದು ಪೇಂಟರ್ ಕೇಳಿದ. ಮೇಸ್ತ್ರಿಯ ಬೆರಳು ತಾನಾಗಿಯೇ ಮೇಲೆದ್ದು ದಾರಿ ತೋರಿಸಿತು. ಅವರು ಥ್ಯಾಂಕ್ಸ್ ಹೇಳಿ ಹೋದರು.

ಬಸ್ಸು ಬಂತು. ಸೊಸೆ ಹತ್ತಿದಳು. ಮೇಸ್ತ್ರಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಇನ್ನೊಂದು ಕಾಲು ಮೇಲೇಳಲಿಲ್ಲ. ಕಂಡಕ್ಟರು ಹತ್ತಿ, ಇಲ್ಲ ಇಳಿಯಿರಿ ಎಂದು ಗೊಣಗಿದ. ಮೇಸ್ತ್ರಿ ಇಳಿದ. ಇಳಿದವನೇ ವಯಸ್ಸನ್ನೂ ಮರೆತು ಬಿರಬಿರನೆ ನಡೆದ, ನಡೆದದ್ದು ಓಟವಾಯಿತು. ಹಿಂದಿನಿಂದ ಹುಡುಗಿಯ ಚಪ್ಪಲಿ ಸದ್ದು ಕೇಳಿಸಿತು.

ಅಂಗಳದಲ್ಲಿ ಬೈಕಿರಲಿಲ್ಲ. ಸ್ಟುಡಿಯೋದವನು ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ. ಓಡಿಸಿ ನೋಡುತ್ತೇವೆಂದು ಗಂಡ ಹೆಂಡತಿ ಇಬ್ಬರೂ ಈಗಷ್ಟೇ ಹೋದರು, ಇಳಿಜಾರಿನ ಕಡೆಗೆ, ಎಂದ.

ಮೇಸ್ತ್ರಿಗೆ ಉಸಿರು ಸಿಗಲಿಲ್ಲ. “ಅದರ ಕುತ್ತಿಗೆಯಲ್ಲಿ ಬಿರುಕಿದೆ,” ಎಂದ. “ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.”

ಜಗಳಕ್ಕೆ ಬರುತ್ತಾನೆಂದು ಮೇಸ್ತ್ರಿ ಕಾದರೆ ಸ್ಟುಡಿಯೋದವನು ಒಣಗುತ್ತಿದ್ದ ಯೂನಿಫಾರಂ ಕಡೆ ತಿರುಗಿ ನಿಂತ.

“ದಿನಾ ಮಗಳನ್ನ ಅದರಲ್ಲೇ ಸ್ಕೂಲಿಗೆ ಬಿಡ್ತೀನಿ. ಇವತ್ತು ಬೆಳಿಗ್ಗೆನೂ ಬಿಟ್ಟು ಬಂದೆ.”

ಹ್ಯಾಂಡಲ್ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು, ಅದು ಗೊತ್ತಿತ್ತು, ಹೇಳಿದರೆ ಗಿರಾಕಿ ಓಡಿಹೋಗುತ್ತಾರೆಂದು ಬಾಯಿಬಿಡಲಿಲ್ಲ ಎಂದು ಅವನೇ ತಡವರಿಸುತ್ತ ಒಪ್ಪಿಕೊಂಡ. ಬಿರುಕಿನ ಸಂಗತಿ ಅವನಿಗೂ ಗೊತ್ತಿರಲಿಲ್ಲ.

ಮೂವರೂ ರಸ್ತೆಯ ಅಂಚಿಗೆ ಬಂದು ನಿಂತರು. ಇಳಿಜಾರು ಒಂದು ಫರ್ಲಾಂಗು ನೆಟ್ಟಗಿಳಿದು, ಗೋದಾಮಿನ ಗೋಡೆಯ ಹತ್ತಿರ ತಿರುಗಿ, ರೈಲ್ವೆ ಗೇಟಿನ ಕಡೆಗೆ ಮರೆಯಾಗುತ್ತಿತ್ತು. ತಿರುವಿನಾಚೆ ಏನೂ ಕಾಣುತ್ತಿರಲಿಲ್ಲ. ಸ್ಟುಡಿಯೋದವನು ಪೇಂಟರಿನ ನಂಬರಿಗೆ ಫೋನ್ ಮಾಡಿದ. ರಿಂಗಾಯಿತು, ಆಗುತ್ತಲೇ ಇತ್ತು, ನಿಂತಿತು. ಮತ್ತೆ ಮಾಡಿದ. ಕೆಳಗಿನಿಂದ ಲಾರಿಯೊಂದು ಹಾರ್ನ್ ಹೊಡೆದ ಸದ್ದು ಬಂತು, ಆಮೇಲೆ ಜನ ಕೂಗಿದ ಹಾಗಾಯಿತು. ಹುಡುಗಿ ಮಾವನ ತೋಳು ಹಿಡಿದಳು. ಗೇಟು ಹಾಕಿದ್ದಾರೆ, ಗಾಡಿಯವರು ಕೂಗಾಡುತ್ತಿದ್ದಾರೆ ಅಷ್ಟೇ ಎಂದಳು. ಅವಳ ದನಿಯಲ್ಲೇ ನಂಬಿಕೆಯಿರಲಿಲ್ಲ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ತನ್ನದೇ ಬೆರಳು, ನೆಟ್ಟಗೆ ಮೇಲೆದ್ದು ಸ್ಟುಡಿಯೋದ ಕಡೆ ಚಾಚಿದ್ದು. ಕುತ್ತಿಗೆ ಮುರಿದರೆ ಮುಂದಿನ ಚಕ್ರ ಹೇಗೆ ಕಳಚಿಕೊಳ್ಳುತ್ತದೆ, ಗಾಡಿ ಹೇಗೆ ಮಗುಚುತ್ತದೆ, ಹಿಂದೆ ಕೂತವರು ಎಲ್ಲಿಗೆ ಎಸೆಯಲ್ಪಡುತ್ತಾರೆ ಎಂಬುದೆಲ್ಲ ಅವನಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಹೆಚ್ಚು ತಿಳಿದವನ ಕಷ್ಟವೇ ಅದು. ಬೇರೆಯವರು ಸುಮ್ಮನೆ ಹೆದರುತ್ತಾರೆ, ಅವನು ನಟ್ಟು ಬೋಲ್ಟುಗಳ ಸಮೇತ ಹೆದರಬೇಕು.

ರೈಲು ಹೋಯಿತು. ಅದರ ಸದ್ದು ಕರಗಿದ ಮೇಲೆ, ಹತ್ತಾರು ಗಾಡಿಗಳ ಗದ್ದಲದ ನಡುವೆ ಆ ಇಂಜಿನ್ನು ಕೇಳಿಸಿತು. ಒಮ್ಮೆ ಕಿವಿಗೊಟ್ಟು ಕೇಳಿದ್ದನ್ನು ಅವನು ಮರೆಯುತ್ತಿರಲಿಲ್ಲ. “ಬರ್ತಿದಾರೆ,” ಎಂದ.

ಬೈಕು ತಿರುವಿನಲ್ಲಿ ಕಾಣಿಸಿತು. ಪೇಂಟರ್ ಖುಷಿಯಲ್ಲಿದ್ದ, ಏರಿನಲ್ಲಿ ಜೋರಾಗಿಯೇ ಬರುತ್ತಿದ್ದ. ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದಳು. ಸ್ಟುಡಿಯೋದವನು ಕೂಗಲು ಬಾಯಿ ತೆರೆದ. ಮೇಸ್ತ್ರಿ ಥಟ್ಟನೆ ಅವನ ಕೈ ಹಿಡಿದು ಜಗ್ಗಿದ.

“ಕೂಗಬೇಡಿ. ಗಾಬರಿಯಾಗಿ ಮುಂದಿನ ಬ್ರೇಕ್ ಒತ್ತಿಬಿಟ್ರೆ ಅಲ್ಲೇ ಮುರಿಯುತ್ತೆ.”

ಆಮೇಲೆ ಅವನೊಬ್ಬನೇ ರಸ್ತೆಗಿಳಿದು, ಅಂಗೈಗಳನ್ನು ನೆಲದ ಕಡೆ ಮಾಡಿ, ಮಲಗಿದ ಮಗುವನ್ನು ತಟ್ಟುವ ಹಾಗೆ ಗಾಳಿಯನ್ನು ಮೆಲ್ಲಗೆ ತಟ್ಟಿದ. ನಿಧಾನ, ನಿಧಾನ. ಮುಖದಲ್ಲಿ ನಗು ಇರಿಸಿಕೊಂಡ. ಆ ನಗು ಅವನ ದವಡೆಯನ್ನು ನೋಯಿಸುತ್ತಿತ್ತು. ಪೇಂಟರ್ ನೋಡಿದ, ಏನೋ ಹೇಳುತ್ತಿದ್ದಾರೆಂದು ವೇಗ ತಗ್ಗಿಸಿದ, ಗೇರ್ ಇಳಿಸಿದ. ಏರು ತಾನೇ ಗಾಡಿಯನ್ನು ಹಿಡಿಯಿತು. ಕೊನೆಯ ಹತ್ತು ಮಾರು ನಡಿಗೆಯ ವೇಗದಲ್ಲಿ ಬಂದು ನಿಂತಾಗ ಕುತ್ತಿಗೆಯ ಒಳಗೆಲ್ಲೋ ಕಡ್ಡಿ ಮುರಿದ ಹಾಗೆ ಟಕ್ ಎಂದಿತು. ಅದನ್ನು ಕೇಳಿಸಿಕೊಂಡವನು ಮೇಸ್ತ್ರಿ ಒಬ್ಬನೇ.

ಮೇಸ್ತ್ರಿ ಬಿರುಕಿನ ವಿಷಯ ಹೇಳಿದರೆ ಪೇಂಟರ್ ಮೊದಲು ನಂಬಲಿಲ್ಲ. ಗಾಡಿ ಬೆಣ್ಣೆಯ ಹಾಗೆ ಓಡಿತು, ನಿಮ್ಮ ಹುಡುಗಿಗೆ ಬೇಕೆಂದು ನಮಗೆ ತಪ್ಪಿಸಲು ನಾಟಕ ಆಡುತ್ತಿದ್ದೀರಿ ಎಂದು ಮುಖದ ಮೇಲೇ ಹೇಳಿದ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು. ಮೇಸ್ತ್ರಿ ವಾದಿಸಲಿಲ್ಲ. ಬೈಕನ್ನು ಅಂಗಳಕ್ಕೆ ತಳ್ಳಿಸಿ, ಸೆಂಟರ್ ಸ್ಟ್ಯಾಂಡಿಗೆ ಹಾಕಿಸಿ, ಟ್ಯಾಂಕ್ ತೆಗೆದ. ಹಿಂದಿನ ಸೀಟಿನ ಮೇಲೆ ಸ್ಟುಡಿಯೋದವನನ್ನು ಕೂರಿಸಿದ. ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಫೋರ್ಕಿನ ಬುಡ ಹಿಡಿದು ಮುಂದಕ್ಕೆ ಎಳೆಯಲು ಸೊಸೆಗೆ ಹೇಳಿದ. ಅವಳು ಎಳೆದಳು. ಗೆರೆ ಬಾಯಿಬಿಟ್ಟಿತು. ಬಿಟ್ಟರೆ ಮುಚ್ಚಿಕೊಂಡಿತು, ಎಳೆದರೆ ಮತ್ತೆ ತೆರೆಯಿತು. ಮೇಸ್ತ್ರಿ ಅಂಗಡಿಯ ಮೇಜಿನಿಂದ ಯಾರದೋ ಪಾಸ್‌ಪೋರ್ಟ್ ಅಳತೆಯ ಫೋಟೋ ತಂದು ಅದರ ಅಂಚನ್ನು ಬಿರುಕಿನಲ್ಲಿ ತೂರಿಸಿದ. ಅದು ಅರ್ಧದವರೆಗೂ ಇಳಿಯಿತು.

ಪೇಂಟರ್ ಮೆಟ್ಟಿಲ ಮೇಲೆ ಕುಸಿದು ಕೂತ.

“ಗೇಟು ಹಾಕೋಕೆ ಮುಂಚೆ ದಾಟಿಬಿಡೋಣ ಅಂತ ಇವರು ಎಪ್ಪತ್ತರಲ್ಲಿ ಹೋಗ್ತಿದ್ರು,” ಎಂದಳು ಅವನ ಹೆಂಡತಿ. “ಬೇಡ ಅಂತ ನಾನೇ ಬೆನ್ನಿಗೆ ಗುದ್ದಿದೆ.” ನಗಲು ನೋಡಿದಳು. ಆಗಲಿಲ್ಲ. ಗಂಡನ ಪಕ್ಕದಲ್ಲಿ ಕೂತು ಅವನ ಬಣ್ಣದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

ಸ್ಟುಡಿಯೋದವನು ಅವತ್ತು ಮಧ್ಯಾಹ್ನವೇ ಅಂಗಡಿಯ ಷಟರ್ ಎಳೆದು, ಸ್ಕೂಲು ಬಿಡಲು ಇನ್ನೂ ಎರಡು ಗಂಟೆ ಇರುವಾಗಲೇ ಮಗಳನ್ನು ಕರೆತರಲು ನಡೆದುಕೊಂಡು ಹೊರಟ. ಮರುದಿನ ಗ್ಯಾಸ್ ಕಟರ್‌ನವನನ್ನು ಕರೆಸಿ, ಎದುರಿಗೇ ನಿಂತು ಚಾಸಿಯನ್ನು ಎರಡು ತುಂಡು ಮಾಡಿಸಿದ, ಮತ್ತೆ ಯಾರೂ ಬೆಸುಗೆ ಹಾಕಿ ಬಣ್ಣ ಬಳಿಯಬಾರದೆಂದು. ಇದನ್ನು ಮೇಸ್ತ್ರಿಗೆ ಫೋನ್ ಮಾಡಿ ತಿಳಿಸಿದವನೂ ಅವನೇ.

ವಾರ ಕಳೆದ ಮೇಲೆ ಪೇಂಟರ್ ವಿಳಾಸ ಹುಡುಕಿಕೊಂಡು ಬಂದು, ಇನ್ನೊಂದು ಗಾಡಿ ನೋಡಿದ್ದೇನೆ, ನೀವು ಬರಲೇಬೇಕು ಎಂದ. ಕಣ್ಣು ಸರಿಯಿಲ್ಲ ಎನ್ನಲು ಮೇಸ್ತ್ರಿ ಬಾಯಿ ತೆರೆದ, ಆದರೆ ಆ ಮಾತು ಹೊರಬರಲಿಲ್ಲ. ಹೋದ. ಎರಡು ತಾಸು ನೋಡಿದ, ಬೆಳಕು ಸಾಲದೆಂದು ಮರುದಿನ ಮತ್ತೆ ಹೋಗಿ ನೋಡಿದ. ಸೊಸೆಗೆ ಮೂರು ಗಾಡಿ ಬೇಡವೆಂದು ನಾಲ್ಕನೆಯದಕ್ಕೆ ತಲೆಯಾಡಿಸಿದ. ಆ ತಲೆಯಾಡಿಸುವುದಕ್ಕೇ ಅವನಿಗೆ ಅರ್ಧ ದಿನ ಹಿಡಿಯಿತು.

ಹೆದರಿಕೆ ಮಾತ್ರ ಅವನನ್ನು ಬಿಟ್ಟುಹೋಗಲಿಲ್ಲ. ಸಂಜೆ ಐದಕ್ಕೆ ಹುಡುಗಿ ಡಬ್ಬ ಕಟ್ಟಿಕೊಂಡು ವಾಪಸ್ಸು ಬರುವ ಹೊತ್ತಿಗೆ ಅವನು ಯಾವ ಕೆಲಸದಲ್ಲಿದ್ದರೂ ಎದ್ದು ತಂಗಿಯ ಮನೆಯ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ. ಏನು ಮೇಸ್ತ್ರಿ, ಸುಮ್ಮನೆ ಬಂದಿರಾ ಎಂದು ಬೀದಿಯವರು ಕೇಳಿದರೆ, ಹೌದು, ಸುಮ್ಮನೆ ಎನ್ನುತ್ತಾನೆ.