ಹೊನ್ನಯ್ಯನವರ ಸುಮ್ಮನಿರದ ಕೈ

ಹೊನ್ನಯ್ಯನವರಿಗೆ ನಾಲಗೆಗಿಂತ ಮೈಯಲ್ಲೇ ಮಾತು ಜಾಸ್ತಿ. ಕುಂಬಳೆ–ಬದಿಯಡ್ಕ ದಾರಿಯ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿ, ತಗಡಿಗೆ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು, ಹುಬ್ಬು ಏರಿಸಿದರೆ ಟಿಕೆಟ್ ಆಯಿತೇ ಎಂದು ಸಕಲ ಲೋಕವ್ಯವಹಾರವನ್ನೂ ಅಂಗಾಂಗಗಳಿಂದಲೇ ನಡೆಸಿದ ಆ ಜೀವ, ನಿವೃತ್ತಿಯ ಮೇಲೂ ಚಹಾವನ್ನು ನಿಂತೇ ಕುಡಿಯುತ್ತಿತ್ತು, ಪೇಪರನ್ನು ಅಂಗಳದಲ್ಲಿ ನಡೆಯುತ್ತಲೇ ಓದುತ್ತಿತ್ತು.

ಅಂಥವರಿಗೆ ಅರುವತ್ತು ದಾಟಿದ ಮೇಲೆ ಬ್ರಿಡ್ಜ್ ಎಂಬ ಎಲೆಯಾಟ ಕಲಿಯುವ ಹುಚ್ಚು ಹಿಡಿಯಿತು. ಬದಿಯಡ್ಕದ ವಾಚನಾಲಯದ ಮಹಡಿಯಲ್ಲಿ ಆದಿತ್ಯವಾರ ಮೂರು ಗಂಟೆಗೆ ನಾನೂ ದನದ ಡಾಕ್ಟರು ಈಶ್ವರಪ್ರಸಾದರೂ ಒಂದು ಜೋಡಿ. ಗಣಿತ ಕಲಿಸಿ ನಿವೃತ್ತರಾದ ಚಿತ್ರಾ ಟೀಚರಿಗೆ ಜೊತೆ ಬೇಕಿತ್ತು; ಹೊನ್ನಯ್ಯನವರು ಅವರ ಎದುರು ಕುಳಿತರು. ಎದುರುಬದುರು ಕುಳಿತ ಜೊತೆಗಾರರು ಎಲೆ ಎಸೆಯುವ ಮೊದಲು ತಮ್ಮ ಕೈಯ ಬಲವನ್ನು ನಿಯಮಿತವಾದ ಕೆಲವೇ ಪದಗಳಲ್ಲಿ ಸರದಿಯಂತೆ ಸಾರಬೇಕು. ಆ ಸಾರುವಿಕೆಯ ಅರ್ಥ ಎದುರಾಳಿಗೂ ತಿಳಿದಿರಬೇಕು. ಊರಿನ ಇಪ್ಪತ್ತೆಂಟರ ಆಟದಲ್ಲಿ ಮೂಗು ತುರಿಸಿದರೆ ಗುಲಾಮ, ಕಿವಿ ಎಳೆದರೆ ಒಂಬತ್ತು ಎಂದು ನುರಿತ ಹೊನ್ನಯ್ಯನವರಿಗೆ ಇದು ಹಿಡಿಸಲೇ ಇಲ್ಲ. ಜೊತೆಗಾರ ತುರುಪು ಬೇಡವೆಂದು 'ನೋ ಟ್ರಂಪ್' ಸಾರಿದಾಗ 'ಎರಡು ಕಳಾವರ' ಎಂದರೆ ಕಳಾವರ ಉಂಟೆಂದಲ್ಲ, ಆಟೀನೋ ಇಸ್ಪೀಟೋ ನಾಲ್ಕು ಎಲೆ ಉಂಟಾ ಎಂಬ ಪ್ರಶ್ನೆ ಎಂದು ಟೀಚರ್ ವಿವರಿಸಿದ ದಿನ ಅವರು ಎದ್ದೇಬಿಟ್ಟರು.

"ಇಲ್ಲದ ಕಳಾವರ ಉಂಟು ಅಂತ ಹೇಳ್ಬಹುದು, ಇರುವ ಇಸ್ಪೀಟಿಗೆ ಮೂಗು ತುರಿಸ್ಬಾರದು! ಇದೆಂತ ನ್ಯಾಯ ಮಾರಾಯ್ರೆ?"

"ಕಳಾವರದ ಸಂಗತಿ ಡಾಕ್ಟರಿಗೂ ಗೊತ್ತುಂಟು ಹೊನ್ನಯ್ಯಣ್ಣ. ಮೂಗಿನದ್ದು ನಮಗಿಬ್ಬರಿಗೇ. ಇನ್ನೊಮ್ಮೆ ಕೈ ಮೂಗಿಗೆ ಹೋದರೆ ನಾನು ಬೇರೆ ಜೊತೆ ಹುಡುಕ್ತೇನೆ."

"ಮೂಗು ಮನೆಯಲ್ಲೇ ಬಿಟ್ಟು ಬನ್ನಿ," ಎಂದರು ಡಾಕ್ಟರು.

ಬೇರೆ ಜೊತೆಯ ಮಾತು ಹೊನ್ನಯ್ಯನವರಿಗೆ ನಾಟಿತು. ಟೀಚರಂಥ ಜೊತೆ ತಪ್ಪಿದರೆ ಮತ್ತೆ ಸಿಗದೆಂದು ಅವರಿಗೆ ಗೊತ್ತಿತ್ತು. ಹಳೆಯ ಡೈರಿಯೊಂದರಲ್ಲಿ ಸೂತ್ರಗಳನ್ನು ಬರೆದುಕೊಂಡು ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಶತಪಥ ಹಾಕುತ್ತಾ ಉರುಹೊಡೆದರು. ಆಡುವಾಗ ಎಲೆ ಹಿಡಿಯದ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟರು. ಆರು ತಿಂಗಳಲ್ಲಿ ಮೂಗು ಕಿವಿಗಳೆರಡೂ ಮೌನವಾದವು.

೨೦೧೨ರಲ್ಲಿ ಮಂಗಳೂರಿನ ಪಂದ್ಯಕ್ಕೆ ಹೋದೆವು. ಅಲ್ಲಿ ಬಾಯಿಬಿಡುವಂತಿಲ್ಲ; ಹೇಳಬೇಕಾದದ್ದನ್ನು ಅಚ್ಚುಹಾಕಿದ ಚೀಟಿಯಾಗಿ ಪೆಟ್ಟಿಗೆಯಿಂದ ತೆಗೆದಿಡಬೇಕು. ನಮ್ಮ ಮೇಜಿನ ಆಟ ಮುಗಿಸಿ ನಾನು ನೋಡುತ್ತಿದ್ದ ಅವರ ಕೊನೆಯ ಆಟದಲ್ಲಿ ಟೀಚರ್ ಒಂದು ಇಸ್ಪೀಟಿನಿಂದ ತೊಡಗಿದರು. ಹೊನ್ನಯ್ಯನವರ ಬಲಗೈ ಪೆಟ್ಟಿಗೆಗೆ ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ನಾಲ್ಕು ಇಸ್ಪೀಟಿನ ಚೀಟಿ ಇಟ್ಟಿತು. ಟೀಚರ್ ಕ್ಷಣ ತಡೆಯದೆ, ಮುಂದಕ್ಕೆ ಏರಿಸದೆ ಪಾಸ್ ಮಾಡಿದರು. ನಾಲ್ಕು ಎಂದರೆ ಆರರ ಮೇಲೆ ನಾಲ್ಕು; ಹತ್ತು ಸುತ್ತು ಗೆಲ್ಲುತ್ತೇವೆಂದವರು ಹನ್ನೆರಡು ಗೆದ್ದರು. ಹನ್ನೆರಡನ್ನು ಸಾರಿದ್ದರೆ ಬಹುಮಾನವೇ ಬರುತ್ತಿತ್ತು.

ಹೊರಗೆ ಜಗಲಿಯಲ್ಲಿ ಹೊನ್ನಯ್ಯನವರು ತಡೆಯಲಾರದೆ ಕೇಳಿದರು: "ನನ್ನ ಹತ್ತಿರ ಜಾಸ್ತಿ ಉಂಟು ಅಂತ ನಿಮಗೆ ಗೊತ್ತಾಗ್ಲಿಲ್ವಾ ಟೀಚರೇ?"

"ಗೊತ್ತಾಯ್ತು. ಚೀಟಿಯಿಂದಲ್ಲ, ನಿಮ್ಮ ಕೈ ತಡವರಿಸಿದ್ದರಿಂದ. ಅದಕ್ಕೇ ಪಾಸ್. ಅದನ್ನು ನೋಡಿ ಏರಿಸಿದ್ರೆ ಮೂಗು ತುರಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸ ಎಂತದು?"

"ಎದುರಿನವರು ಎಂತದೂ ಹೇಳ್ತಿರಲಿಲ್ಲ."

"ಅವರು ಹೇಳ್ಲಿಕ್ಕಿಲ್ಲ. ನನಗೆ ಗೊತ್ತುಂಟಲ್ಲ."

ಹೊನ್ನಯ್ಯನವರ ಮುಖ ಬಾಡಿತು. "ಹಾಗಾದ್ರೆ ನಾನು ಇನ್ನು ಬರುವುದು ಬೇಡವಾ?"

"ಬೇಕಂತ ಮಾಡಿದ್ದಲ್ಲವಲ್ಲ. ಆದಿತ್ಯವಾರ ಬನ್ನಿ. ಯೋಚನೆಯನ್ನೆಲ್ಲ ನಿಮ್ಮ ಸರದಿಗೆ ಮೊದಲೇ ಮುಗಿಸಿಕೊಳ್ಳಿ."

ಮನಸ್ಸಿನಲ್ಲಿ ಎದ್ದದ್ದು ಮೈಮೇಲೆ ಮೂಡದೆ ಇರದ ಇಂಥ ಮನುಷ್ಯರನ್ನು ನಾವು ಸುಲಭವಾಗಿ ಕಪಟಿಗಳೆಂದು ಬಗೆಯುತ್ತೇವೆ. ವಾಸ್ತವದಲ್ಲಿ ಕಪಟ ಅವರಿಂದ ಸಾಧ್ಯವೇ ಇಲ್ಲ. ಅಡಗಿಸಲು ಬಾರದ ಅವರನ್ನು ತಿದ್ದುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಿಗೆ ಬೇಕಾದದ್ದು, ಎದುರು ಕುಳಿತು ಎಲ್ಲವನ್ನೂ ಕಂಡು, ಕಂಡದ್ದರಿಂದ ಒಂದೆಳೆ ಲಾಭವನ್ನೂ ಪಡೆಯದ ಒಬ್ಬರು.