ಬಟ್ಟೆ ಬೇಕಾಗಿತ್ತು

ಬೇಳೆ ತಳ ಹಿಡಿಯಿತು, ಅಡಿಗೆಮನೆಯಿಂದ ಬರುವ ಈ ಸೀದ ವಾಸನೆ ಅದರದೇ, ಹೋಗಿ ಸೌಟಾಡಿಸುವವರಿಲ್ಲ, ಕಾಶೆವ್ವನನ್ನೂ ಇಲ್ಲೇ ಕರೆತಂದು ಗೋಡೆಗೆ ನಿಲ್ಲಿಸಿದ್ದಾರೆ, ಅಡಿಗೆಯವಳನ್ನೇ ಬಿಟ್ಟಿಲ್ಲ ಅಂದಮೇಲೆ ಇವತ್ತು ಯಾರನ್ನೂ ಬಿಡುವುದಿಲ್ಲ — ಮೆಹರುನ್ನಿಸಾ ಅಡಿಗೆಮನೆಯ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಬೆಳಗಿನ ಪ್ರಾರ್ಥನೆ ಮುಗಿದಾಗಿನಿಂದ ಬೋರ್ಡಿಂಗ್ ಶಾಲೆಯ ನಲವತ್ತು ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಮುಂದೆ ಗೋವೆಯ ಚಿಕ್ಕವರು, ನಡುವೆ ಯುದ್ಧಕ್ಕೆ ಹೆದರಿ ರಂಗೂನಿನಿಂದ ಕಾಡು ದಾಟಿ ನಡೆದುಬಂದ ಅಕ್ಕತಂಗಿಯರು, ಹಿಂದೆ ಕುಳಗಿಯ ಕಾಡು ನೋಡಿಕೊಳ್ಳುವ ಬಿಳಿಯ ಜಂಗಲ್ ಸಾಹೇಬರ ಮಗಳು ಡೋರಿಸ್, ಡೋರಿಸಳ ಮಗ್ಗುಲಿಗೆ ತಾನು, ತನ್ನ ಮಗ್ಗುಲಿಗೆ ಗಂಗಿ. ನಾಲ್ಕು ದೇಶದ ಮಕ್ಕಳು ಒಂದೇ ಸೂರಿನಡಿ ಉಣ್ಣುತ್ತಾರೆ ಎಂದು ವಿಲಾಯತಿಯ ದೊಡ್ಡ ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು, ಇವತ್ತು ಅಷ್ಟೂ ಮಕ್ಕಳು ತಂತಮ್ಮ ಕಾಲಬೆರಳು ನೋಡುತ್ತಿದ್ದಾರೆ, ಯಾಕೆಂದರೆ ಮೇಜಿನ ಮೇಲೆ ಅದು ಬಿದ್ದಿದೆ, ಮಣ್ಣು ಮೆತ್ತಿ ಮುದ್ದೆಯಾದ ಸರಕಾರದ ಬಾವುಟ, ಒಂದು ಅಂಚು ಉದ್ದಕ್ಕೂ ಹರಿದದ್ದು. ಬಚ್ಚಲ ಹಿಂದಿನ ಬಾಳೆಯ ಬುಡ ಅಗೆಯುವಾಗ ಮಾಲಿ ಲಚ್ಚಪ್ಪನ ಗುದ್ದಲಿಗೆ ಸಿಕ್ಕಿತಂತೆ. ಮೇಜಿನ ಹಿಂದೆ ಪೊಲೀಸ್ ಫೌಜದಾರರು, ತಂತಿ ಕಡಿದವರನ್ನು, ಗೋಡೆಯ ಮೇಲೆ ಚಲೇಜಾವ್ ಬರೆದವರನ್ನು ಇಡೀ ತಿಂಗಳು ಹುಡುಕಿ ನಿದ್ದೆಗೆಟ್ಟ ಮುಖ. ಇಲ್ಲಿಯೂ ಚಳವಳಿಯವರು ಹೊಕ್ಕಿದ್ದಾರೆ ಎಂದು ಅವರು ಹೇಳಿದ್ದೇ ತಡ ದೊಡ್ಡ ಮೇಡಂ ಹೇಳಿಬಿಟ್ಟರು, ಊಟದ ಗಂಟೆಯೊಳಗೆ ಮಾಡಿದವಳು ಮುಂದೆ ಬರಬೇಕು, ಇಲ್ಲವಾದರೆ ಧರ್ಮಕ್ಕೆ ಇರಿಸಿಕೊಂಡ ಆರೂ ಹುಡುಗಿಯರು ಇವತ್ತೇ ತಮ್ಮ ಊರಿಗೆ. ಆ ಆರರಲ್ಲಿ ಗಂಗಿ ಒಬ್ಬಳು, ಅತ್ತಿವೇರಿ ಕಡೆಯ ಠಾಕಪ್ಪನ ಮಗಳು, ತಾಯಿಯಿಲ್ಲದವಳು, ಊರಿಗೆ ಹೋದರೆ ಹೆಂಡತಿ ಸತ್ತ ಮಾವನೊಬ್ಬ ತಾಳಿ ಹಿಡಿದು ಕಾದಿದ್ದಾನೆ ಎಂದು ಅವಳೇ ಹೇಳಿದ್ದಳು, ನಗುತ್ತಾ ಹೇಳಿದ್ದಳು, ಈಗ ಅವಳ ಮೊಣಕೈ ತನ್ನ ಮೊಣಕೈಗೆ ತಾಗಿ ನಡುಗುತ್ತಿದೆ, ನಡುಗಬೇಡ ಗಂಗಿ, ಫೌಜದಾರರು ನೋಡುತ್ತಾರೆ, ನಡುಗಬೇಡ — ಗುರುವಾರ ಮಧ್ಯಾಹ್ನವೂ ಹೀಗೇ ನಡುಗುತ್ತಿದ್ದಳು, ಎಲ್ಲರೂ ಹಾಡಿನ ತರಗತಿಗೆ ಹೋಗಿದ್ದರು, ಹಾಸಿಗೆಬಟ್ಟೆ ಇಡುವ ಕೋಣೆಯಲ್ಲಿ ಪೆಟ್ಟಿಗೆಗೆ ಒರಗಿ ಕೂತು, ನನಗೇನೋ ಆಗೇತಿ ಮೆಹರ, ನಾ ಸಾಯ್ತೇನಿ ಕಾಣ್ತೈತಿ ಅಂದಳು, ಲಂಗ ನೋಡಿದ ಕೂಡಲೇ ಮೆಹರಳಿಗೆ ತಿಳಿಯಿತು, ಸಾಯೂದಿಲ್ಲ ತಗೋ, ಎಲ್ಲಾರಿಗೂ ಆಗ್ತೈತಿ, ನನಗೂ ಹೋದ ವರ್ಷ ಆತು. ತನ್ನ ಹಳ್ಳಿ ಇಂದೂರಿನ ಮನೆಯಲ್ಲಿ ತಂದೆಯ ತಾಯಿ, ದಾದಿ ಇಮಾಮಬಿ, ಹಳೆಯ ದುಪಟ್ಟಾ ನಾಲ್ಕು ತುಂಡು ಮಾಡಿ ಕೈಗಿಟ್ಟಿದ್ದಳು, ಒಗೆದದ್ದನ್ನು ಗಂಡಸರ ಕಣ್ಣಿಗೆ ಬೀಳದ ಹಾಗೆ ಬೇರೆ ಬಟ್ಟೆಯ ಕೆಳಗೆ ಒಣಹಾಕು ಅಂದಳು, ಅದರ ಹೆಸರು ಮಾತ್ರ ಹೇಳಲಿಲ್ಲ. ಇಲ್ಲಿ ಕೇಳಲು ಯಾರಿದ್ದರು, ದೊಡ್ಡ ಮೇಡಮ್ಮಿಗೆ ಯಾವ ಮಾತಿನಲ್ಲಿ ಹೇಳುವುದು, ಗಂಗಿ ಪೆಟ್ಟಿಗೆಯ ತಳಕ್ಕೆ ಕೈಹಾಕಿ ಒಂದು ಮಡಿಕೆ ಎಳೆದಳು, ಕೆಂಪ ಐತಿ, ರಗತದ ಕಲಿ ಕಾಣೂದಿಲ್ಲ, ಎಂದು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು, ಹರಿದ ಮೇಲೆ ಮಡಿಕೆ ಬಿಚ್ಚಿತು, ಒಳಗಿನಿಂದ ನೀಲಿ ಬಂತು, ಬಿಳಿ ಬಂತು, ರಾಜರ ಹುಟ್ಟುಹಬ್ಬಕ್ಕೆ ಕಂಬ ಏರುವ ಬಾವುಟ, ಇಬ್ಬರೂ ಬಾಯಿಗೆ ಕೈ ಇಟ್ಟುಕೊಂಡರು. ಉಳಿದದ್ದನ್ನು ಬಾಳೆಯ ಬುಡಕ್ಕೆ ಹೂತದ್ದು ಇಬ್ಬರೂ ಕೂಡಿಯೇ.

ಫೌಜದಾರರು ಒಬ್ಬೊಬ್ಬರ ಹೆಸರು, ತಂದೆಯ ಹೆಸರು ಬರೆದುಕೊಳ್ಳುತ್ತಾ ಬರುತ್ತಿದ್ದಾರೆ, ಬೂಟಿನ ಸಪ್ಪಳ, ಡೋರಿಸಳನ್ನು ಕೇಳಲಿಲ್ಲ, ಅವಳನ್ನು ಯಾರು ಕೇಳುತ್ತಾರೆ, ತನ್ನ ಹೆಸರು ಬರೆದರು, ತಂದೆ ಕಾಸಿಂಸಾಬ, ದಾಂಡೇಲಿ ಕಟ್ಟಿಗೆ ಡಿಪೋಕ್ಕೆ ಬಂಡಿ ಹೊಡೆಸುತ್ತಾರೆ, ಸರಕಾರಿ ಕೆಲಸವೇನು ಎಂದು ಹುಬ್ಬೇರಿಸಿ ಮುಂದೆ ಸರಿದರು, ಗಂಗಿಯ ಎದುರು ನಿಂತರು, ನಿಂತೇ ಇದ್ದರು. ಯಾಕ ಹಿಂಗ ನಡಗಾಕ್ಹತ್ತೀ, ಕೈ ತೋರ್ಸು. ಗಂಗಿಯ ಉಗುರಿನಲ್ಲಿ ಬಾಳೆಯ ಬುಡದ ಮಣ್ಣು ಇನ್ನೂ ಇದ್ದರೆ, ತನ್ನ ಉಗುರಿನಲ್ಲೂ ಇದ್ದರೆ, ಇವಳು ಬಾಯಿ ಬಿಟ್ಟರೆ, ಬಿಡದಿದ್ದರೆ — ಕಾಲು ತಾನಾಗಿ ಸಾಲು ಬಿಟ್ಟು ಮುಂದೆ ಬಂತು, ಅದು ತನ್ನ ಕಾಲೇ ಎಂದು ಮೆಹರಳಿಗೆ ಆಮೇಲೆ ಗೊತ್ತಾಯಿತು. ನಾನ ಹರದೇನ್ರೀ ಸಾಹೇಬ್ರ. ಅವರು ನಿಧಾನಕ್ಕೆ ತಿರುಗಿದರು, ಯಾರು ಹೇಳಿಕೊಟ್ಟರು, ಯಾವ ಊರವರು ಬಂದಿದ್ದರು ಎಂದು ಕೇಳಿದರು, ಯಾರೂ ಇಲ್ರೀ, ಬಟ್ಟಿ ಬೇಕಾಗಿತ್ತು. ಎದಕ್ಕ? ಎದಕ್ಕ ಎಂದರೆ ಏನು ಹೇಳುವುದು, ದಾದಿ ಹೆಸರು ಹೇಳಿಲ್ಲ, ಇಂಗ್ಲೀಷಿನಲ್ಲಿ ನದಿಗಳ ಹೆಸರು ಗೊತ್ತು, ಹೂವುಗಳ ಹೆಸರು ಗೊತ್ತು, ಇದರದು ಗೊತ್ತಿಲ್ಲ, ಕಾಶೆವ್ವ ಮೂರು ದಿನ ಒಲೆ ಮುಟ್ಟದೆ ದೂರ ಕೂತಾಗ ಆಡುವ ಮಾತೊಂದೇ ನಾಲಿಗೆಗೆ ಬಂತು. ಮುಟ್ಟಾಗಿದ್ದೆನ್ರೀ.

ಕಾಶೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಬಾಗಿಲಲ್ಲಿದ್ದ ಲಚ್ಚಪ್ಪ ಹೊರಗೆ ಸರಿದ, ಫೌಜದಾರರು ಪೆನ್ನಿನ ಮುಚ್ಚಳ ತಿರುವಿದರು, ಮತ್ತೆ ತಿರುವಿದರು. ಏನಂದಳು ಎಂದು ದೊಡ್ಡ ಮೇಡಂ ಇಂಗ್ಲೀಷಿನಲ್ಲಿ ಕೇಳಿದರು, ಇನ್ನೊಮ್ಮೆ ಕೇಳಿದರು, ಆಗ ಡೋರಿಸ್ ಮುಂದೆ ಹೋಗಿ ಕಿವಿಯಲ್ಲಿ ಒಂದೇ ಮಾತು ಹೇಳಿದಳು, ಎರಡು ವರ್ಷ ಕೂಡಿ ಓದಿದರೂ ಅವಳಿಗೆ ಇಷ್ಟು ಕನ್ನಡ ತಿಳಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮೇಡಮ್ಮಿನ ಕತ್ತು ಕೆಂಪಾಯಿತು. ಫೌಜದಾರರು ಇದು ತಮ್ಮ ಕೆಲಸವಲ್ಲ ಎಂದು ಟೊಪ್ಪಿಗೆ ಎತ್ತಿಕೊಂಡು ಹೋದರು, ಬರೆದ ಹಾಳೆ ಅಲ್ಲೇ ಹರಿದು ಬಿಸಾಡಿ ಹೋದರು, ಆರು ಹುಡುಗಿಯರೂ ಉಳಿದರು, ಗಂಗಿ ಉಳಿದಳು, ಊಟದ ಸಾಲಿಗೆ ಹೋಗುವಾಗ ಒಂದು ಗಳಿಗೆ ಮೆಹರಳ ಕಿರುಬೆರಳು ಹಿಡಿದು ಬಿಟ್ಟಳು, ಮುಖ ಎತ್ತಲಿಲ್ಲ.

ಆದರೂ ಬಾವುಟ ಬಾವುಟವೇ ಅಂದರು ದೊಡ್ಡ ಮೇಡಂ ತಮ್ಮ ಕೋಣೆಯಲ್ಲಿ, ದನಿ ಸಣ್ಣದಾಗಿತ್ತು, ಹೂತಿಟ್ಟದ್ದು ತಪ್ಪು, ಮುಚ್ಚಿಟ್ಟದ್ದು ತಪ್ಪು, ಈ ವರ್ಷ ನೀನು ಮನೆಗೆ ಹೋಗು, ನಿನ್ನ ತಂದೆಗೆ ಕಾರಣ ನೀನೇ ಬರಿ, ನನಗೆ ನಿಮ್ಮ ಲಿಪಿ ಬಾರದು. ಕಾಗದ ಮುಂದಿದೆ, ಮಸಿಯ ದೌತಿ ಇದೆ, ತೀರ್ಥರೂಪ ಅಬ್ಬಾನವರಿಗೆ ಸಲಾಮ್, ಇಷ್ಟು ಬರೆದಾಯಿತು, ಆಮೇಲೆ ಏನು, ಅಬ್ಬಾಗೆ ಓದು ಬಾರದು, ದಾಂಡೇಲಿಯಲ್ಲಿ ಯಾರ ಪತ್ರ ಬಂದರೂ ಡಿಪೋದ ಕಾರಕೂನ ಶೇಖಪ್ಪನೇ ಓದುವವನು, ದಿಮ್ಮಿಯ ಮೇಲೆ ನಿಂತು, ಸುತ್ತ ಬಂಡಿಯವರೆಲ್ಲ ನಿಂತಿರುತ್ತಾರೆ, ಅವನ ದನಿ ದೊಡ್ಡದು. ಬಾವುಟ ಹರಿದೆ ಎಂದು ಬರೆದರೆ ಸರಕಾರಿ ಡಿಪೋದಲ್ಲಿ ಅಬ್ಬಾನ ಬಂಡಿ ನಿಲ್ಲುತ್ತದೆ, ನಿಜ ಬರೆದರೆ ಆ ಮಾತು ಶೇಖಪ್ಪನ ಬಾಯಿಂದ ಅಬ್ಬಾನ ಕಿವಿಗೆ, ಅಷ್ಟೂ ಗಂಡಸರ ನಡುವೆ, ಅಬ್ಬಾ ತಲೆಯ ರುಮಾಲು ಸರಿಮಾಡಿಕೊಳ್ಳುತ್ತಾ, ಮುಂದ ಓದ್ರೀ ಅನ್ನುತ್ತಾರೆ — ಮೆಹರುನ್ನಿಸಾ ಪೆನ್ನಿನ ಟಾಕು ಮಸಿಗೆ ಅದ್ದಿದಳು, ಒಂದೇ ಸಾಲು ಬರೆದಳು, ಅಬ್ಬಾ, ನೀವ ಬಂದು ಕರಕೊಂಡು ಹೋಗ್ರಿ, ಇದನ್ನ ಯಾರ ಕಡೆಯಿಂದಲೂ ಓದಿಸಬ್ಯಾಡ್ರಿ, ಬರೆದು ನೋಡಿದಳು, ಈ ಸಾಲನ್ನೂ ಓದಬೇಕಾದವನು ಅವನೇ, ದಿಮ್ಮಿಯ ಮೇಲೆ ಶೇಖಪ್ಪ, ಕನ್ನಡಕ ಮೂಗಿನ ತುದಿಗೆ, ಬಂಡಿಯವರೆಲ್ಲ ಹತ್ತಿರ ಸರಿದಿದ್ದಾರೆ, ಶೇಖಪ್ಪನ ಬಾಯಿ ತೆರೆಯುತ್ತಿದೆ, ತೆರೆಯುತ್ತಿದೆ