ಏಣಿ ಅಜ್ಜಿ ಬಿದ್ದದ್ದು

"ಆಡೋ ಹಾಗೆ ನಟಿಸೋಕೆ ನನಗೆ ಬರಲ್ಲ. ಆಡ್ತೀನಿ ಅಷ್ಟೇ," ಎಂದು ಅಕ್ಕ ಮತ್ತೊಮ್ಮೆ ಹೇಳಿದಾಗ ವೇದಿಕೆಯ ಮೇಲ್ವಿಚಾರಕಿ ಕಿವಿಯ ಇಯರ್‌ಫೋನ್ ತೆಗೆದು ಕೊರಳಿಗೆ ಇಳಿಬಿಟ್ಟುಕೊಂಡಳು. ಇಷ್ಟು ಹೊತ್ತು ಅವಳು ಅರ್ಧ ಕಿವಿಯಲ್ಲಷ್ಟೇ ಕೇಳಿಸಿಕೊಂಡಿದ್ದಳು. ತೆರೆಯ ಹಿಂದಿನ ಆ ಇಕ್ಕಟ್ಟಿನಲ್ಲಿ, ನೆಲದ ತುಂಬ ಹರಡಿದ್ದ ವೈರುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಿದ್ದ ತಮ್ಮ ಇಬ್ಬರ ಮುಖವನ್ನೂ ನೋಡಿದ. ಅಕ್ಕನ ಹಟ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಮೇಲ್ವಿಚಾರಕಿಯ ಹಟ ಈಗಷ್ಟೇ ಗೊತ್ತಾಗುತ್ತಿತ್ತು.

ವರ್ಷಕ್ಕೊಮ್ಮೆ ನಡೆಯುವ ಈ ವಿಡಿಯೊ ಗೇಮ್ ಮೇಳದಲ್ಲಿ ಒಂದು ಪದ್ಧತಿಯಿದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಗೇಮ್ ಮಾಡಿದವರು ವೇದಿಕೆಗೆ ಬಂದು ಕಂಟ್ರೋಲರ್ ಹಿಡಿದು ಆಡಿ ತೋರಿಸುತ್ತಾರಲ್ಲ, ಅದು ಆಟವೇ ಅಲ್ಲ. ಹಿಂದಿನ ದೊಡ್ಡ ಪರದೆಯ ಮೇಲೆ ಓಡುವುದು ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ. ಮುಂದೆ ನಿಂತವರು ಹೆಬ್ಬೆರಳು ಕುಣಿಸುತ್ತ, ಕಷ್ಟದ ಜಾಗ ಬಂದಾಗ ಹುಬ್ಬು ಗಂಟಿಕ್ಕಿದರೆ ಸಾಕು. ಹಾಗಾಗಿ ಈ ವೇದಿಕೆಯ ಮೇಲೆ ಇದುವರೆಗೆ ಯಾವ ವೀರನೂ ಎಡವಿದ್ದಿಲ್ಲ, ಯಾವ ಕಾರೂ ಗೋಡೆಗೆ ಗುದ್ದಿದ್ದಿಲ್ಲ. ಹೊಸ ಗೇಮುಗಳ ಘೋಷಣೆ ಕೇಳಲು ಎಲ್ಲೆಲ್ಲಿಂದಲೋ ಬಂದು ಕುಳಿತ ಜನರೂ, ಮದುವೆಗೆ ಮುಂಚೆ ಹುಡುಗನ ಕಡೆಯವರು ಹೇಳುವ ಗುಣಗಾನ ಕೇಳುವಂತೆ, ಒಂದಷ್ಟನ್ನು ನಂಬಿ ಒಂದಷ್ಟನ್ನು ಬಿಟ್ಟು ಚಪ್ಪಾಳೆ ತಟ್ಟುತ್ತಾರೆ.

ಅಕ್ಕ ತಮ್ಮ ಇಬ್ಬರೇ, ಬೀಗ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಕೂತು ಮಾಡಿದ ಗೇಮಿನ ಹೆಸರು 'ಏಣಿ ಅಜ್ಜಿ'. ಅದರಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಎರವಲು ತಂದ ಏಣಿಯನ್ನು ಊರಿನ ಆ ತುದಿಯ ಮನೆಗೆ ಹಿಂದಿರುಗಿಸಲು ಹೊರಟ ಮುದುಕಿಯೊಬ್ಬಳು, ಬೀದಿಯಲ್ಲಿ ನಾಯಿಗಳ ಕಾಟವೆಂದು, ಮಾಳಿಗೆಯಿಂದ ಮಾಳಿಗೆಗೆ ಅದೇ ಏಣಿಯನ್ನು ಅಡ್ಡ ಹಾಕಿಕೊಂಡು ದಾಟುತ್ತಾಳೆ. ಮಂಡಿ ನೋಯುತ್ತದೆ, ಬಾಯಿ ಮಾತ್ರ ಗಟ್ಟಿ. ಚಿತ್ರ, ಮಾತು, ಅಜ್ಜಿಯ ದನಿ ಎಲ್ಲ ಅಕ್ಕನದು. ಅಜ್ಜಿ ಎಷ್ಟು ದೂರ ಹಾರಬೇಕು, ಎಲ್ಲಿ ಜಾರಬೇಕು ಎಂಬ ಲೆಕ್ಕಾಚಾರವೆಲ್ಲ ತಮ್ಮನದು. ದೊಡ್ಡ ಕಂಪನಿಯೊಂದು ಗೇಮನ್ನು ಮೆಚ್ಚಿ ವೇದಿಕೆಯ ಮೇಲೆ ಮೂರು ನಿಮಿಷ ಕೊಡಿಸಿತ್ತು. ಅದು ಸಲೀಸಾಗಿ ಮುಗಿದರೆ ಕೊನೆಗೆ ಪರದೆಯ ಮೇಲೆ ಬಿಡುಗಡೆಯ ದಿನಾಂಕ ಬರುತ್ತದೆ. ಇಲ್ಲವಾದರೆ 'ಶೀಘ್ರದಲ್ಲಿ' ಎಂದು ಬರುತ್ತದೆ. ಈ ಕಸುಬಿನಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಅವರ ಗೆಳೆಯನೊಬ್ಬನ ಗೇಮಿಗೆ ಹೀಗೆಯೇ 'ಶೀಘ್ರದಲ್ಲಿ' ಎಂದು ಬಿದ್ದು, ಆಮೇಲೆ ಅವನಿಗೆ ಮದುವೆಯಾಗಿ, ಮಗಳು ಶಾಲೆಗೆ ಹೋಗತೊಡಗಿದರೂ ಗೇಮು ಇನ್ನೂ ಶೀಘ್ರದಲ್ಲೇ ಇತ್ತು.

ಮೇಲ್ವಿಚಾರಕಿ ಕೆಟ್ಟವಳೇನಲ್ಲ. ಅಕ್ಕನ ಅಂಗಿಗೆ ಮೈಕು ಸಿಕ್ಕಿಸಲು ಯಾರೋ ಕರೆದುಕೊಂಡು ಹೋದಾಗ ಅವಳು ತಮ್ಮನನ್ನು ಪಕ್ಕಕ್ಕೆ ಕರೆದಳು. ಅಲ್ಲಿ ಮೇಜಿನ ಮೇಲೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಕೆಂಪು ಬಟನ್ ಇತ್ತು.

"ಆಯ್ತು ಸರ್, ಅವರು ಆಡ್ಲಿ. ಏನಾದ್ರೂ ಎಡವಟ್ಟಾದ್ರೆ ನೀವು ಇದನ್ನ ಒತ್ತಿಬಿಡಿ, ವಿಡಿಯೊ ಬರುತ್ತೆ. ಅವರಿಗೆ ಹೇಳೋದು ಬೇಡ."

ತಮ್ಮ ಒಪ್ಪಿಕೊಂಡ. ಅವನು ಮೊದಲಿನಿಂದಲೂ ಮಜ್ಜಿಗೆಯನ್ನೂ ಊದಿ ಕುಡಿಯುವ ಜಾತಿಯವನು. ವಿಡಿಯೊ ಮಾಡಿಕೊಟ್ಟವನೂ ಅವನೇ. ಅದರಲ್ಲಿ ಅಜ್ಜಿ ಎಲ್ಲಿಯೂ ಕಾಲು ತಪ್ಪದೆ ಕೊನೆಯ ಮಾಳಿಗೆ ಮುಟ್ಟಿ, ಏಣಿ ಇಳಿಸಿ, ನಿಟ್ಟುಸಿರು ಬಿಡುತ್ತಿದ್ದಳು.

ಮೈಕು ಹಾಕಿಸಿಕೊಂಡು ಬಂದ ಅಕ್ಕ ಅವನನ್ನು ನೋಡಿ ನಕ್ಕಳು. "ಯಾಕೋ, ಹುಣಸೆಹಣ್ಣು ತಿಂದೋರ ಹಾಗೆ ಮುಖ ಮಾಡ್ಕೊಂಡಿದೀಯ? ನನ್ನ ಗೇಮು ಕಣೋ. ಕಣ್ಣು ಮುಚ್ಕೊಂಡು ಆಡ್ತೀನಿ."

"ನಮ್ಮ ಗೇಮು," ಎಂದ ತಮ್ಮ.

"ಗೆದ್ರೆ ನಮ್ದು," ಎಂದು ಅವಳು ಬೆಳಕಿನೊಳಕ್ಕೆ ನಡೆದೇಬಿಟ್ಟಳು. ಹೆದರಿಕೆಗೂ ಅವಳಿಗೂ ಚಿಕ್ಕಂದಿನಿಂದ ಮಾತುಕತೆಯೇ ಇರಲಿಲ್ಲ. ಇಬ್ಬರ ಪಾಲಿನ ಹೆದರಿಕೆಯನ್ನೂ ತಮ್ಮನೇ ವಹಿಸಿಕೊಂಡಿದ್ದ.

ಶುರು ಚೆನ್ನಾಗಿಯೇ ಆಯಿತು. ಮೂರು ಅಂತಸ್ತಿನಷ್ಟು ಎತ್ತರದ ಪರದೆಯ ಮೇಲೆ ಅಜ್ಜಿ ಕಾಣಿಸಿಕೊಂಡು, ಮಂಡಿ ನೀವಿಕೊಂಡು, ಮೊದಲ ಮಾಳಿಗೆ ದಾಟಿದಳು. ಜನ ಹದವಾಗಿ ನಕ್ಕರು. ಅಕ್ಕ ಆಡುತ್ತಲೇ ಮಾತಾಡುತ್ತಿದ್ದಳು. ಅಜ್ಜಿಯ ಬೈಗುಳಗಳನ್ನು ಎಲ್ಲಿಂದ ಕಲಿತದ್ದೆಂದು ಕೇಳಿದರೆ ಮನೆಯಲ್ಲಿ ಜಗಳವಾಗುತ್ತದೆ ಎಂದಳು. ಬಟ್ಟೆ ಒಣಹಾಕಿದ ತಂತಿಗಳ ಕೆಳಗೆ ಬಗ್ಗಿ, ಪಾರಿವಾಳಗಳನ್ನು ಗದರಿಸಿ, ಅಜ್ಜಿ ನೀರಿನ ಟ್ಯಾಂಕಿನ ಮಾಳಿಗೆಯ ಅಂಚಿಗೆ ಬಂದಳು. ಏಣಿ ಚಾಚಿದಳು. ಏಣಿಯ ತುದಿ ಆಚೆಯ ಗೋಡೆಯನ್ನು ಮುಟ್ಟಲಿಲ್ಲ.

ಅಜ್ಜಿ ಏಣಿಯ ಸಮೇತ ಕೆಳಗೆ ಹೋದಳು.

ಯಾಕೆ ಬಿದ್ದಳೆಂಬುದು ಇಡೀ ಸಭಾಂಗಣದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಎರಡು ಮಾಳಿಗೆಗಳ ನಡುವಿನ ಆ ಸಂದು ತೀರ ಸುಲಭವಾಯಿತೆಂದು ಆಡಿ ನೋಡಿದವರು ಹೇಳಿದ್ದರಿಂದ, ಮೇಳಕ್ಕೆ ಹೊರಡುವ ಮುಂಚೆ ತಮ್ಮ ಅದನ್ನು ಏಣಿಯ ಒಂದು ಮೆಟ್ಟಿಲಿನಷ್ಟು ಅಗಲ ಮಾಡಿದ್ದ. ಅಕ್ಕನಿಗೆ ಹೇಳಿಯೇ ಮಾಡಿದ್ದ, ಅವಳೂ ಒಳ್ಳೆಯದೇ ಆಯಿತೆಂದಿದ್ದಳು. ಅದು ಅವಳ ತಲೆಗೆ ಗೊತ್ತಿತ್ತು, ವರ್ಷಗಟ್ಟಲೆ ಹಳೆಯ ಸಂದನ್ನೇ ದಾಟಿದ ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಆಡುವವರಷ್ಟೇ ಮಾಡಬಹುದಾದ ತಪ್ಪು ಅದು.

ಪರದೆಯ ಮೇಲೆ ಅಜ್ಜಿ ಒಗೆಯದ ಬಟ್ಟೆಗಳ ರಾಶಿಯ ಮೇಲೆ ಎದ್ದು ಕೂತು, ಧೂಳು ಕೊಡವಿಕೊಂಡು, ಜನರತ್ತ ತಿರುಗಿ ಹೇಳಿದಳು: "ಬಿದ್ದೆ. ಏನೀಗ?"

ಆ ಮಾತು ವಿಡಿಯೊದಲ್ಲಿ ಇರಲಿಲ್ಲ. ಬೀಳದ ಅಜ್ಜಿ ಅದನ್ನು ಯಾಕಾದರೂ ಆಡಬೇಕು?

"ಒತ್ತಿ ಸರ್," ಎಂದಳು ಮೇಲ್ವಿಚಾರಕಿ.

ತಮ್ಮ ಮುಚ್ಚಳ ಎತ್ತಿದ. ಒತ್ತಿದರೆ ಅಜ್ಜಿ ಮರುಕ್ಷಣವೇ ಟ್ಯಾಂಕಿನ ಆಚೆ ಪ್ರತ್ಯಕ್ಷಳಾಗಿ ಕುಣಿಯುತ್ತ ಹೋಗುತ್ತಾಳೆ. ದಿನಾಂಕವೂ ಬರಬಹುದು. ಆದರೆ ಅಕ್ಕ ಅಲ್ಲಿ ಸಾವಿರಾರು ಜನರ ಎದುರು, ತನ್ನ ಕೈಯಲ್ಲಿ ಆಟವೇ ಇಲ್ಲವೆಂದು ತಿಳಿಯದೆ ಹೆಬ್ಬೆರಳು ಆಡಿಸುತ್ತಿರುತ್ತಾಳೆ. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದೆಂದರೆ ಇದೇ. ಅದೂ ಸಂದು ಅಗಲ ಮಾಡಿದವನೇ ತೆಗೆಯುವುದು. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮುಚ್ಚಳವನ್ನು ಮತ್ತೆ ಇಳಿಸಿ ಅದರ ಮೇಲೆ ಅಂಗೈ ಊರಿದ.

"ಅವಳು ಬಿದ್ದಿದ್ದು ನನ್ನಿಂದ ಮೇಡಂ. ಏಳ್ತಾಳೆ, ಬಿಡಿ."

ಅಕ್ಕ ಎದ್ದಳು, ಮತ್ತೆ ಅಂಚಿಗೆ ಬಂದಳು, ಮತ್ತೆ ಬಿದ್ದಳು. ಹೆಬ್ಬೆರಳು ಅಷ್ಟು ಬೇಗ ಬುದ್ಧಿ ಕಲಿಯುವ ಪೈಕಿಯಲ್ಲ. ಮೇಲ್ವಿಚಾರಕಿ ಅವನ ಕೈಯನ್ನು ಸರಿಸಲು ನೋಡಿದಳು. ಕೈ ಅಲ್ಲಾಡಲಿಲ್ಲ. ಅಜ್ಜಿ ಮತ್ತೊಮ್ಮೆ "ಬಿದ್ದೆ. ಏನೀಗ?" ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ನಕ್ಕರು. ಆ ನಗುವಿನ ಬೆನ್ನಿಗೇ ಒಂದು ಹೆಣ್ಣುದನಿ, ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಅಯ್ಯೋ, ಇವರು ನಿಜವಾಗ್ಲೂ ಆಡ್ತಿದಾರೆ."

ಆ ಮಾತು ಸಾಲಿನಿಂದ ಸಾಲಿಗೆ ಹೋದದ್ದು ತೆರೆಯ ಹಿಂದಿನವರಿಗೂ ತಿಳಿಯಿತು. ಬೆಳಗಿನಿಂದ ಎಡವದ ವೀರರನ್ನೇ ನೋಡಿ ನೋಡಿ ಜೋಂಪು ಹತ್ತಿದ್ದವರು ಕುರ್ಚಿಯ ತುದಿಗೆ ಬಂದರು. ಅಜ್ಜಿ ಅಂಚಿಗೆ ಬಂದು, ಈ ಸಲ ಏಣಿ ಚಾಚದೆ ನಿಂತಳು. ಒಂದು ಹೆಜ್ಜೆ ಹಿಂದೆ ಹೋದಳು. ಓಡಿ ಬಂದು ಏಣಿ ಎಸೆದಳು. ತುದಿ ಆಚೆಯ ಗೋಡೆಗೆ ಕಚ್ಚಿತು, ಜಾರಿತು, ನಿಂತಿತು. ಮಂಡಿಯೂರಿ ಅಜ್ಜಿ ಆಚೆಯ ಮಾಳಿಗೆಗೆ ತೆವಳಿಕೊಂಡು ಹೋದಾಗ ಸಭಾಂಗಣಕ್ಕೆ ಸಭಾಂಗಣವೇ ಎದ್ದು ಕೂಗಿತು. ತಮ್ಮನ ಕಣ್ಣು ಮಂಜಾಯಿತು. ತನ್ನ ಅಕ್ಕನೆಂಬ ಹೆಮ್ಮೆ ಅವನಿಗೆ ಎಂದೂ ಇಷ್ಟು ಉಕ್ಕಿರಲಿಲ್ಲ.

ಕೊನೆಯ ಮಾಳಿಗೆ ಮುಟ್ಟುವಷ್ಟರಲ್ಲಿ ಹೊತ್ತು ಮುಗಿದಿತ್ತು. ಏಣಿ ಅಜ್ಜಿಯ ಹೆಗಲ ಮೇಲೆಯೇ ಉಳಿಯಿತು. ಮೇಲ್ವಿಚಾರಕಿ ತಮ್ಮನನ್ನು ಒಮ್ಮೆ ನೋಡಿ, ಕೊರಳಲ್ಲಿದ್ದ ಇಯರ್‌ಫೋನ್ ಕಿವಿಗೇರಿಸಿ, ಅದರ ಮೈಕಿನಲ್ಲಿ ಹೇಳಿದಳು: "ದಿನಾಂಕ ಹಾಕಿ."

ಅಕ್ಕ ತೆರೆಯ ಹಿಂದೆ ಬಂದಾಗಲೂ ಹೊರಗೆ ಚಪ್ಪಾಳೆ ನಿಂತಿರಲಿಲ್ಲ. ಅವಳು ಜಂಬದಿಂದ ಏನಾದರೂ ಹೇಳುತ್ತಾಳೆಂದು ತಮ್ಮ ಕಾದ. ಆದರೆ ಅವಳ ಕಣ್ಣು ಬಟನ್ನಿನ ಮೇಲೆ ಹೋಯಿತು, ಆಮೇಲೆ ಮುಚ್ಚಳದ ಅಂಚು ಕೆಂಪಗೆ ಅಚ್ಚೊತ್ತಿದ್ದ ಅವನ ಅಂಗೈಯ ಮೇಲೆ.

"ನಮ್ಮ ಸ್ಟಾಲ್ ಹತ್ರ ಗೇಮ್ ಆಡೋಕೆ ಜನ ಸಾಲು ನಿಂತಿದಾರಂತೆ, ನಡಿ," ಎಂದು ಕಂಟ್ರೋಲರನ್ನು ಆ ಅಂಗೈಗೇ ಇಟ್ಟಳು.

ಕಂಟ್ರೋಲರ್ ನೀರಿನಿಂದ ಎತ್ತಿದ ಹಾಗೆ ಅವಳ ಬೆವರಿನಿಂದ ತೊಯ್ದಿತ್ತು. ತಮ್ಮ ಅವಳ ಮುಖ ನೋಡಲಿಲ್ಲ. ಅಂಗಿಯ ಚುಂಗಿನಲ್ಲಿ ಅದನ್ನು ಸಂದುಗೊಂದು ಬಿಡದೆ, ಒಂದೊಂದೇ ಬಟನ್ ಸುತ್ತ ಒರೆಸುತ್ತ ಅವಳ ಹಿಂದೆ ನಡೆದ.